ಆ ಲೋಕದಾಗ ಭಾಂಡಿ ಯಾರು ತಿಕ್ಕತಾರ?

ಈ ಸಲ ಉಪ್ಪಿನಕಾಯಿ, ಮಸಾಲಿ ಖಾರ, ಶ್ರಾವಣದ ತಯಾರಿ ಯಾವುದೂ ಬರ್ಯಾಂಗಿಲ್ಲ. ಕಾಂಪ್ಯೂಟರ್ ಆಟ ಮತ್ತ ವಿಜ್ಞಾನ ಕಾದಂಬರಿ ಬಗ್ಗೆ ನನ್ನ ಅಭಿಪ್ರಾಯ ಬರೀತೀನಿ. "ಇಕೀಗೇನಾತು?" ಅಂತ ಅರ್ಧಕ್ಕ ಬಿಟ್ಟು ಹೋಗಬ್ಯಾಡ್ರಿ. ಕಡೀತನಕಾ ಓದ್ರಿ, ಇದೂ ನಮ್ಮ ಅಡಿಗಿಮನಿ ವಿಷಯನ ಅದ.

ನನ್ನ ಮಾತು ಮೊದಲ ಹೇಳಿಬಿಡ್ತೀನಿ. ಯಾರರ ಒಂದು ಹೊಸಾ ಲೋಕ ಕಟ್ಟಿ ನಮ್ಮ ಮುಂದ ಇಟ್ರು ಅಂದ್ರ, ಅದು ಕಾದಂಬರಿ ಇರಲಿ, ಆಟ ಇರಲಿ, ನಾನು ಒಂದ ಪ್ರಶ್ನಿ ಕೇಳ್ತೀನಿ. ಅಲ್ಲೆ ಅಡಿಗಿ ಯಾರು ಮಾಡ್ತಾರ? ಉಂಡ ಮ್ಯಾಲ ಭಾಂಡಿ ಯಾರು ತಿಕ್ಕತಾರ? ಚಂದ್ರನ ಮ್ಯಾಲ ಮನಿ ಕಟ್ಟಲಿ, ಸಮುದ್ರದ ತಳದಾಗ ಹಡಗ ನಡಸಲಿ, ಮನಷ್ಯಾಗ ಹೊತ್ತಿಗೆ ಸರಿಯಾಗಿ ಹಸಿವಿ ಆಗೇ ಆಗ್ತದ. ಆ ಹಸಿವಿಗೆ ಯಾರು ಉತ್ತರ ಕೊಡ್ತಾರ ಅನ್ನೂದನ್ನ ಬರದವರು ಯೋಚನಿ ಮಾಡ್ಯಾರೋ ಇಲ್ಲೋ ನೋಡಿದ್ರ, ಅವರು ಆ ಲೋಕ ಎಷ್ಟು ಪೂರ್ತಿ ಕಟ್ಯಾರ ಅನ್ನೂದು ಗೊತ್ತಾಗಿಬಿಡ್ತದ.

ಕಥಿ ಓದೂ ಚಟ ನಮಗೇನು ಹೊಸಾದಲ್ಲ. ಕಸ್ತೂರಿ ಮಾಸಿಕದ ಕಡೀ ಪುಸ್ತಕ ವಿಭಾಗ ಯಾರು ಮೊದಲ ಓದಬೇಕು ಅಂತ ಜಗಳಾಡಿ ಬೆಳದವರು ನಾವು. ರಾಜಶೇಖರ ಭೂಸನೂರಮಠ ಅವರು ಕನ್ನಡದಾಗ ವಿಜ್ಞಾನ ಕಥಿ, ಕಾದಂಬರಿ ಬರದಾಗ ನಮ್ಮ ಮನಿ ಗಂಡಸೂರು ಓದ್ತಿದ್ರು, ನಾವೂ ಕದ್ದು ಓದ್ತಿದ್ವಿ. ಈಗ ಮಗಳು ಇಂಗ್ಲೀಷ ಪುಸ್ತಕ ತಂದಿಡ್ತಾಳ. ನಾನು ಪಿಯುಸಿ ಇಂಗ್ಲೀಷಿನ ಮ್ಯಾಲ ಸಾವಕಾಶ ಓದ್ತೀನಿ, ತಿಳೀಲಿಲ್ಲ ಅಂದ್ರ ಆಕೀನ್ನ ಕೇಳ್ತೀನಿ. ಆಟನೂ ಹಂಗ, ಮಗನ ಲ್ಯಾಪ್‌ಟಾಪಿನ ಮ್ಯಾಲ ಮಧ್ಯಾಹ್ನ ಕುಕ್ಕರ ಇಳಿಸಿದ ಮ್ಯಾಲ ಆಡೂದು.

ಆಟದಾಗ ಎರಡು ಥರಾ ಅವ. ಒಂದು ದೊಡ್ಡ ಕಂಪನಿ ನೂರಾರು ಮಂದಿ ಹಚ್ಚಿ, ಕೋಟಿ ಕೋಟಿ ಸುರದು ಮಾಡೂದು. ಇನ್ನೊಂದು ಒಬ್ಬರೋ, ಇಬ್ಬರೋ, ಒಂದು ಹತ್ತು ಮಂದೀನೋ ಕೂಡಿ ಮಾಡೂದು. ಇದಕ್ಕ ಇಂಡೀ ಆಟ ಅಂತಾರ. ಕಾರ್ಖಾನಿ ಹಪ್ಪಳಕ್ಕೂ ನಮ್ಮ ಮಾಳಗಿ ಮ್ಯಾಲ ಹಾಕಿದ ಹಪ್ಪಳಕ್ಕೂ ಎಷ್ಟು ಫರಕ ಅದನೋ ಅಷ್ಟು ಇವೆರಡಕ್ಕೂ ಅದ. ಮನೀ ಹಪ್ಪಳ ಒಂದೊಂದು ಒಂದೊಂದು ಆಕಾರ ಇರ್ತಾವ, ಖರೇ ಯಾರ ಕೈದು ಅಂತ ರುಚಿ ಮ್ಯಾಲ ಗೊತ್ತಾಗ್ತದ. ನಾನು ಇಲ್ಲೆ ಹೇಳೂದು ಈ ಮನೀ ಹಪ್ಪಳದ ಥರದ ಆಟಗಳ ಬಗ್ಗೆ ಅಷ್ಟ.

ಮೊದಲ ಕಾದಂಬರಿ ತಗೋಳೂಣು. ಫ್ರಾನ್ಸಿನ ಜೂಲ್ಸ್ ವರ್ನ್ ಅನ್ನೂ ಲೇಖಕ ಸಮುದ್ರದ ತಳದಾಗ ಓಡಾಡೂ ಹಡಗಿನ ಕಥಿ ಬರದಾನ. 1870ರೊಳಗ ಅದು ಪುಸ್ತಕ ಆಗಿ ಬಂತು. ಹಡಗಿನ ಹೆಸರು ನಾಟಿಲಸ್, ನಡಸಾಂವ ಕ್ಯಾಪ್ಟನ್ ನೆಮೊ. ಆ ಹಡಗಿನ ಊಟದ ವರ್ಣನಿ ಕೇಳ್ರಿ. ಎಲ್ಲಾ ಸಮುದ್ರದ್ದ. ಆಮೀ ಮಾಂಸ, ತಿಮಿಂಗಿಲದ ಹಾಲಿನ ಕೆನಿ, ಸಮುದ್ರದ ಪಾಚೀಲಿಂದ ತಗದ ಸಕ್ಕರಿ. ನಾವು ಮೂಗು ಮುರೀತೀವಿ, ಅದು ಬಿಡ್ರಿ. ಅಡಿಗಿ ಕರೆಂಟಿನ ಮ್ಯಾಲ ಆಗ್ತದ, ಕುಡ್ಯೂ ನೀರು ಸಮುದ್ರದ ಉಪ್ಪುನೀರು ಕಾಸಿ ತಗೀತಾರ ಅಂತ ಸುದ್ದಾ ಬರದಾನ. ಮನ್ಯಾಗ ಚಿಮಣಿ ಎಣ್ಣೀ ದೀಪ ಉರಿಯೂ ಕಾಲದಾಗ ಕರೆಂಟಿನ ಒಲಿ ಯೋಚನಿ ಮಾಡಿದ್ದಕ್ಕ ಶಾಬಾಸ್ ಅನ್ನಬೇಕು. ಆದ್ರ ಆ ಒಲಿ ಮುಂದ ನಿಂತಾಂವ ಯಾರು? ನಮ್ಮ ಅಡಿಗಿಯಾಂವ ಭಾರೀ ಹುಷಾರ ಅದಾನ ಅಂತ ನೆಮೊ ಒಂದ ಮಾತು ಅಂತಾನ, ಅಲ್ಲಿಗೆ ಮುಗೀತು. ಅಂವಗ ಹೆಸರಿಲ್ಲ, ಮುಖ ಇಲ್ಲ. ಒಲಿ ಹೆಂಗ ಉರೀತದ ಅಂತ ವಿವರಾಗಿ ಬರದಾಂವ, ಉರಿ ಮುಂದ ಬೆವರು ಹರಸೂ ಮನಷ್ಯಾನ್ನ ಬಿಟ್ಟ.

ಇಂಗ್ಲಂಡಿನ ಎಚ್. ಜಿ. ವೆಲ್ಸ್ ಈ ಲೆಕ್ಕದಾಗ ಜಾಣ. 1895ರೊಳಗ ಕಾಲದಾಗ ಪ್ರಯಾಣ ಮಾಡೂ ಯಂತ್ರದ ಕಥಿ ಬರದ. ಆ ಯಂತ್ರ ಶುರು ಮಾಡಿದಾಗ ಅಂವ ಮೊದಲ ಏನು ನೋಡ್ತಾನ ಗೊತ್ತದನು? ಮನಿ ನೋಡಿಕೊಳ್ಳೂ ವಾಚೆಟ್ ಬಾಯಿ ಖೋಲಿ ದಾಟಿ ತೋಟದ ಬಾಗಿಲಿಗೆ ಹೋಗೂದು. ಕಾಲ ಜೋರಾಗಿ ಓಡ್ತಿರ್ತದಲ್ಲ, ಹಂಗಾಗಿ ಆಕಿ ಬಾಣದಂಗ ಹಾರಿ ಹೋದಂಗ ಕಾಣಸ್ತಾಳ. ಓದಿ ನಕ್ಕೆ ನಾನು. ಮುಂಜಾನಿ ಆರರಿಂದ ಒಂಬತ್ತರತನಕಾ ನಮ್ಮನ್ನ ಯಾರರ ನೋಡಿದ್ರ ಯಂತ್ರ ಇಲ್ಲದನೂ ಹಂಗ ಕಾಣತೀವಿ.

ಅಂವ 802701ನೇ ಇಸವಿಗೆ ಹೋಗ್ತಾನ. ಅಲ್ಲೆ ಮ್ಯಾಲ ಬಿಸಲಾಗ ಎಲಾಯ್ ಅನ್ನೂ ಚೆಂದನ ಮಂದಿ ಇರ್ತಾರ. ಹಣ್ಣು ತಿಂತಾರ, ಹಾಡತಾರ, ಆಡತಾರ. ಒಬ್ಬರೂ ಕೆಲಸ ಮಾಡಾಂಗಿಲ್ಲ, ಆದ್ರ ಮೈಮ್ಯಾಲ ಛಂದನ ಅರಬಿ ಇರ್ತಾವ. ಯಾರು ನೇಯ್ದ್ರು? ಯಾರು ಹೊಲದ್ರು? ಕಥಿ ಮುಂದ ಹೋದಂಗ ಗೊತ್ತಾಗ್ತದ. ನೆಲದ ಕೆಳಗ ಕತ್ತಲ್ಯಾಗ ಮಾರ್ಲಾಕ್ ಅನ್ನೂ ಬ್ಯಾರೇ ಮಂದಿ ಅದಾರ, ಯಂತ್ರ ತಿರುವೂದು, ದುಡ್ಯೂದು ಎಲ್ಲಾ ಅವರ. ರಾತ್ರಿ ಆತು ಅಂದ್ರ ಅವರು ಮ್ಯಾಲ ಬಂದು ಈ ಚೆಂದನ ಮಂದೀನ್ನ ಹಿಡದು ತಿಂತಾರ. ಓದಿ ಎದಿ ಝಲ್ ಅಂತು. ದುಡ್ಯೂವರನ್ನ ಕಣ್ಣಿಗೆ ಕಾಣದಂಗ ಇಟ್ರ ಒಂದು ದಿನ ಏನಾಗ್ತದ ಅಂತ ಆ ಕಾಲಕ್ಕ ಬರದಿಟ್ಟಾನ. ಅಷ್ಟೆಲ್ಲಾ ಬರದಾಂವಂದೂ ಒಂದು ಮಜಾ ಅದ. ಆ ಪ್ರಯಾಣಿಕ ವಾಪಸ್ ಬಂದ ಕೂಡಲೆ ಹಸಿವಿ ಅಂತಾನ, ನನಗೊಂದಿಷ್ಟು ಮಟನ್ ಉಳಸ್ರಿ ಅಂತಾನ. ಎಂಟ ಲಕ್ಷ ವರ್ಷ ತಿರಗ್ಯಾಡಿ ಬಂದ್ರೂ ಬಂದ ಕೂಡಲೆ ಊಟ ತಯಾರಿರಬೇಕು!

ಅಮೇರಿಕಾದ ಉರ್ಸುಲಾ ಲ ಗ್ವಿನ್ ಮೂರು ಮಕ್ಕಳ ತಾಯಿ. 1974ರೊಳಗ ಆಕಿ ಬರದ 'ದಿ ಡಿಸ್ಪೊಸೆಸ್ಡ್' ಕಾದಂಬರಿಯೊಳಗ ಅನಾರೆಸ್ ಅನ್ನೂ ಒಂದು ಲೋಕ ಅದ. ಅಲ್ಲೆ ಊರಿಗೆಲ್ಲಾ ಕೂಡಿ ಊಟದ ಮನಿ. ಹತ್ತು ದಿನಕ್ಕೊಮ್ಮೆ ಎಲ್ಲಾರೂ, ದೊಡ್ಡ ವಿಜ್ಞಾನಿ ಸುದ್ದಾ, ಊರಿನ ಹೊಲಸು ಕೆಲಸ, ಭಾರದ ಕೆಲಸಕ್ಕ ಬರ್ತಾರ. ಲೋಕ ಕಟ್ಟೂ ಮುಂದ ಇದನ್ನೂ ಲೆಕ್ಕದಾಗ ಹಿಡದಾಕಿ ಒಬ್ಬ ತಾಯಿ ಅನ್ನೂದು ನನಗೇನು ಆಶ್ಚರ್ಯ ಅನಸಲಿಲ್ಲ.

ಆದ್ರ ನನ್ನ ಪ್ರಶ್ನಿಗೆ ಅಗದೀ ನೇರ ಉತ್ತರ ಸಿಕ್ಕಿದ್ದು ನಮ್ಮ ದೇಶದ ಹೆಣ್ಣಮಗಳ ಹತ್ತರನ. ರೋಕೆಯಾ ಸಖಾವತ್ ಹುಸೇನ್. 1880ರೊಳಗ ಬಂಗಾಲದ ರಂಗಪುರ ಸೀಮ್ಯಾಗಿನ ಪಾಯ್‌ರಾಬಂದ್ ಅನ್ನೂ ಊರಾಗ ಹುಟ್ಟಿದವರು. ಮನಿಯೊಳಗ ಗಟ್ಟಿ ಪರ್ದಾ. ಹುಡಿಗ್ಯಾರು ಸಾಲಿಗೆ ಹೋಗೂ ಮಾತ ಇಲ್ಲ. ಅಣ್ಣ ರಾತ್ರಿ ಎಲ್ಲಾರೂ ಮಲಕೊಂಡ ಮ್ಯಾಲ ದೀಪ ಹಚ್ಚಿ ಕದ್ದು ಇಂಗ್ಲೀಷ ಕಲಿಸಿದ. ಮದಿವಿ ಆಗಿ ಬಿಹಾರದ ಭಾಗಲಪುರಕ್ಕ ಹೋದ್ರು. ಗಂಡ ಸರಕಾರಿ ಅಧಿಕಾರಿ, ಓದಸೂ ಮನಸ್ಸಿನಾಂವ. ಅಂವ ಒಮ್ಮೆ ಊರೂರು ತಿರಗಲಿಕ್ಕೆ ಹೋದಾಗ ಇವರು ಹೊತ್ತು ಕಳೀಲಿಕ್ಕೆ ಇಂಗ್ಲೀಷಿನ್ಯಾಗ ಒಂದು ಕಥಿ ಬರದ್ರು. ಅಂವ ಬಂದಾಂವ ನಿಂತಲ್ಲೇ ಪೂರಾ ಓದಿ, ಇದು ಭಯಂಕರ ಸೇಡು ಅಂದನಂತ. 1905ರೊಳಗ ಮದ್ರಾಸಿನ ಇಂಡಿಯನ್ ಲೇಡೀಸ್ ಮ್ಯಾಗಝಿನ್ ಅನ್ನೂ ಪತ್ರಿಕಾದಾಗ ಆ ಕಥಿ ಅಚ್ಚಾತು. ಹೆಸರು 'ಸುಲ್ತಾನಾಸ್ ಡ್ರೀಮ್', ಅಂದ್ರ ಸುಲ್ತಾನಾಳ ಕನಸು.

ಆ ಕನಸಿನ ಊರಾಗ ಗಂಡಸೂರೆಲ್ಲಾ ಮನಿ ಒಳಗ, ಹೆಂಗಸೂರು ಹೊರಗ. ಸುಲ್ತಾನಾ ಸೆರಗು ಸಂಭಾಳಿಸಿಕೋತ ನಾಚಿ ನಾಚಿ ಓಣ್ಯಾಗ ನಡದ್ರ ಅಲ್ಲಿ ಹೆಂಗಸೂರು ನಗ್ತಾರ, ಇಕಿ ಅಗದೀ ಗಂಡಸರಂಗ ಅದಾಳ ಅಂತಾರ. ಯಾಕಂದ್ರ ಆ ಊರಾಗ ನಾಚೂದು, ಅಂಜೂದು ಗಂಡಸರ ಗುಣ! ಅಲ್ಲಿ ಹೆಣ್ಣಮಕ್ಕಳ ಎರಡು ವಿದ್ಯಾಪೀಠ ಅವ. ಒಂದು ಆಕಾಶದಾಗಿನ ನೀರು ಎಳಕೊಳ್ಳೂ ದೊಡ್ಡ ಬಲೂನು ಮಾಡೇದ, ಇನ್ನೊಂದು ಸೂರ್ಯಾನ ಶಾಖಾ ಕೂಡಿಸಿ ಇಡೂದು ಕಂಡುಹಿಡದದ. ಅವರು ಇದನ್ನೆಲ್ಲಾ ಮಾಡೂ ಮುಂದ ಗಂಡಸೂರು ಸೈನ್ಯ ಬೆಳಸೂದ್ರಾಗ ಮುಳುಗಿದ್ರು, ಇದೇನು ಹೆಂಗಸರ ಹುಚ್ಚು ಅಂತ ಅಂದಿದ್ರು. ಕಡೀಗೆ ಶತ್ರುಗಳು ಬಂದಾಗ ಸೈನ್ಯ ಸೋತು, ಊರು ಉಳಸಿದ್ದು ಆ ಸೂರ್ಯಾನ ಶಾಖಾನ.

ಈಗ ಅಡಿಗಿಮನಿಗೆ ಬರ್ರಿ. ಸುಲ್ತಾನಾನ್ನ ಅಡಿಗಿಮನಿ ತೋರಸಲಿಕ್ಕೆ ಕರಕೊಂಡು ಹೋಗ್ತಾರ. ಅದು ಕಾಯಿಪಲ್ಯಾದ ತೋಟದ ನಡುವ ಅದ. ಹೊಗಿ ಇಲ್ಲ, ಇದ್ದಲಿ ಇಲ್ಲ, ಉರಿ ಇಲ್ಲ, ಕಿಟಕಿ ತುಂಬ ಹೂ. ಸೂರ್ಯಾನ ಶಾಖಾ ಕೊಳವೀಲಿಂದ ಬರ್ತದ, ಅದರ ಮ್ಯಾಲ ಅಡಿಗಿ. ಕಟಗಿ ಒಲಿ ಊದಿ ಕಣ್ಣು ಕೆಂಪ ಮಾಡಿಕೊಂಡ ಹೆಣ್ಣಮಗಳಿಗೆ ಮಾತ್ರ ಹಿಂಥಾ ಕನಸು ಬೀಳ್ತದ. ಅದರ ನಡುವ ಒಂದ ಒಂದು ಸಣ್ಣ ಸಾಲು ಅದ, ಲಕ್ಷ್ಯ ಇಲ್ಲದ ಓದಿದ್ರ ತಪ್ಪಿ ಹೋಗ್ತದ. ಸುಲ್ತಾನಾ ಬರ್ತಾಳ ಅಂತ ಅಲ್ಲಿದ್ದ ಗಂಡಸರಿಗೆ ಮೊದಲ ಸರದು ಹೋಗಲಿಕ್ಕೆ ಹೇಳಿರ್ತಾರ. ಅಂದ್ರ ಅಡಿಗಿ ಮಾಡೂವರು ಯಾರು? ಉತ್ತರ ಸಿಕ್ಕಿತಲ್ಲ!

ಇನ್ನೊಂದು ಲೆಕ್ಕ ಕೇಳ್ರಿ. ಅಲ್ಲಿ ಸಾರಾ ಅನ್ನೂ ಗೆಳತಿ ತನ್ನ ಪ್ರಯೋಗಶಾಲಾ ಕೆಲಸ ಎರಡ ತಾಸಿನ್ಯಾಗ ಮುಗಸ್ತಾಳ. ಅಷ್ಟು ಲಗೂ ಹೆಂಗ ಅಂದ್ರ, ಗಂಡಸೂರು ಕಚೇರ್ಯಾಗ ಕೆಲಸ ಮಾಡೂದಕಿಂತ ಚಿರೂಟ ಸೇದೂದ ಭಾಳ ಅಂತಾಳ. ಒಂದು ಚಿರೂಟಕ್ಕ ಅರ್ಧಾ ತಾಸು, ದಿನಕ್ಕ 12, ಅಲ್ಲಿಗೆ ಆರು ತಾಸು ಹೊಗಿ. ಈಗ ಚಿರೂಟ ತಗದು ಅಲ್ಲಿ ಮೊಬೈಲ್ ಇಟ್ಟು ನಿಮ್ಮ ನಿಮ್ಮ ಮನಿ ಲೆಕ್ಕ ಹಾಕ್ರಿ. ನಾನು ನಮ್ಮ ಮನೀದು ಹಾಕೀನಿ, ಇಲ್ಲೆ ಬರ್ಯಾಂಗಿಲ್ಲ.

ರೋಕೆಯಾ ಅವರು ಬರೇ ಕನಸು ಬರದು ಕೂಡಲಿಲ್ಲ. ಗಂಡ ತೀರಿಕೊಂಡ ಮ್ಯಾಲ 1909ರೊಳಗ ಭಾಗಲಪುರದಾಗ ಐದು ಹುಡಿಗ್ಯಾರನ್ನ ಕೂಡಿಸಿ ಸಾಲಿ ತಗದ್ರು. 1911ರೊಳಗ ಅದನ್ನ ಕಲಕತ್ತಾಕ್ಕ ಒಯ್ದ್ರು. ಮನಿ ಮನಿಗೆ ಹೋಗಿ ನಿಮ್ಮ ಹುಡಿಗೀನ್ನ ಕಳಸ್ರಿ ಅಂತ ಕೇಳಿಕೊಂಡು ನಡಸಿದ್ರು. 1932ರೊಳಗ ತೀರಿಕೊಂಡ್ರು.

ಇನ್ನ ಆಟಕ್ಕ ಬರೂಣು. ಆಟದಾಗ ಒಂದು ವಿಶೇಷ ಅದ. ಕಾದಂಬರಿಯೊಳಗ ಬ್ಯಾರೇದವರು ಮಾಡಿದ್ದನ್ನ ಓದ್ತೀವಿ, ಆಟದಾಗ ನಮ್ಮ ಕೈಲಿಂದನ ಮಾಡಸ್ತಾರ. ಹಂಗಾಗಿ ಯಾವ ಕೆಲಸಕ್ಕ ಬೆಲಿ ಕೊಟ್ಟಾರ, ಯಾವುದನ್ನ ಹಾರಿಸ್ಯಾರ ಅನ್ನೂದು ಲಗೂನ ತಿಳೀತದ.

2013ರೊಳಗ ಲ್ಯೂಕಸ್ ಪೋಪ್ ಅನ್ನೂವ ಒಬ್ಬನ 'ಪೇಪರ್ಸ್, ಪ್ಲೀಸ್' ಅನ್ನೂ ಆಟ ಮಾಡಿದ. 1982ರ ಕಾಲ, ಆರ್ಸ್ಟೊಟ್ಸ್ಕಾ ಅನ್ನೂ ಕಲ್ಪನಾದ ದೇಶ. ಗಡಿಯೊಳಗ ಬರೂ ಮಂದೀ ಕಾಗದಾ ನೋಡಿ ಠಸ್ಸೆ ಹೊಡ್ಯೂದು ನಿಮ್ಮ ನೌಕರಿ. ಒಬ್ಬರಿಗೆ ಐದು ರೊಕ್ಕ. ಎರಡು ತಪ್ಪಿಗೆ ಮಾಫಿ, ಮೂರನೇದಕ್ಕ ದಂಡ. ಸಂಜಿಗೆ ಲೆಕ್ಕದ ಹಾಳಿ ಬರ್ತದ. ಇವತ್ತಿನ ಗಳಿಕಿ ಇಷ್ಟು, ಭಾಡಗಿ ಇಷ್ಟು, ಊಟಕ್ಕಿಷ್ಟು, ಮನಿ ಬೆಚ್ಚಗಿಡಲಿಕ್ಕಿಷ್ಟು. ಸಾಲಲಿಲ್ಲ ಅಂದ್ರ ಇವತ್ತು ಊಟ ಬಿಡೂದೋ, ಶಾಖಾ ಬಿಡೂದೋ, ಮಗನ ಔಷಧ ಬಿಡೂದೋ? ತಿಂಗಳ ಕಡೀ ವಾರದಾಗ ಕಿರಾಣಿ ಚೀಟಿ ಹಿಡಕೊಂಡು ಕೂಡೂವರಿಗೆ ಈ ಹಾಳಿ ಓದಲಿಕ್ಕೆ ಯಾರೂ ಕಲಸೂದು ಬ್ಯಾಡ. ಈ ಆಟ ನನಗ ಭಾಳ ಹಿಡಸ್ತು. ಹಂಗಂತ ನನ್ನ ಪ್ರಶ್ನಿ ಬಿಡಲಿಲ್ಲ. ಮನ್ಯಾಗ ಹೇಣ್ತಿ, ಮಗ, ಅತ್ತಿ, ಕಾಕಾ ಅದಾರ. ಆ ಹೇಣ್ತಿಗೆ ಹೆಸರಿಲ್ಲ. ಆಕಿ ಹಾಳಿ ಮ್ಯಾಲ ಬರೇ ಒಂದು ಸಾಲು. ಹಸದಾಳ, ಚಳಿ ಹತ್ಯಾದ, ಜಡ್ಡಾಗ್ಯಾದ ಅಂತ ಅಷ್ಟ ಬರ್ತದ. ಆ ಊಟದ ರೊಕ್ಕಾ ತಗೊಂಡು ನಾಕು ಮಂದಿಗೆ ಹೆಂಗ ಮುಟ್ಟಿಸಿದ್ಲು, ತಾ ಎಷ್ಟು ಉಂಡ್ಲು ಅಂತ ಬರ್ಯಾಂಗಿಲ್ಲ. ಅದನ್ನ ಆಡೂವರು ನಾವ ತುಂಬಿಕೋಬೇಕು.

'ಸ್ಟಾರ್‌ಡ್ಯೂ ವ್ಯಾಲಿ' ಹೆಸರು ನಿಮ್ಮ ಮಕ್ಕಳ ಬಾಯಾಗ ಕೇಳಿರಬೇಕು. 2016ರ ಫೆಬ್ರುವರಿ 26ಕ್ಕ ಬಂದದ್ದು, ಎರಿಕ್ ಬರೋನ್ ಅನ್ನೂವ ನಾಕು ವರ್ಷಕ್ಕೂ ಹೆಚ್ಚು ಕೂತು ಒಬ್ಬನ ಮಾಡಿದ್ದು. ಚಿತ್ರ, ಸಂಗೀತ, ಕಥಿ ಎಲ್ಲಾ ಅಂವಂದ. ಈಗ 4 ಕೋಟಿಗಿಂತ ಹೆಚ್ಚು ಪ್ರತಿ ಮಾರ್ಯಾವ. ಅಜ್ಜ ಬಿಟ್ಟು ಹೋದ ಹೊಲಕ್ಕ ವಾಪಸ್ ಬಂದು ಕಸಾ ತಗದು, ಬೀಜ ಬಿತ್ತಿ, ನೀರುಣಿಸಿ, ಕೋಳಿ ಆಕಳಾ ಸಾಕೂದು. ಊರಿನ ಬಡಿಗ್ಯಾಕಿ ಹೆಣ್ಣಮಗಳು, ಹೆಸರು ರಾಬಿನ್. ಅದನ್ನ ನೋಡಿ ಖುಷಿ ಆತು. ಮದಿವಿ ಆದ ಮ್ಯಾಲ ಗಂಡ ಇರಲಿ ಹೇಣ್ತಿ ಇರಲಿ, ಒಮ್ಮೊಮ್ಮೆ ಮುಂಜಾನಿ ನಾವು ಏಳೂದ್ರಾಗ ಬೆಳಿಗೆ ನೀರು ಹಾಕಿರ್ತಾರ, ದನಕ್ಕ ಮೇವು ಹಾಕಿರ್ತಾರ, ಬೇಲಿ ರಿಪೇರಿ ಮಾಡಿರ್ತಾರ. ಹೇಳದನ!

ಅಡಿಗಿ ವಿಷಯದಾಗ ಮಾತ್ರ ಬರೋನ್ ಭಾಳ ಸರಳ ಹಿಡದಾನ. ಸಾಮಾನು ಇದ್ರ ಒಂದು ಸಲ ಒತ್ತಿದ್ರ ಆತು, ಪದಾರ್ಥ ತಯಾರ. ಹೆಚ್ಚೂದಿಲ್ಲ, ಕುದಸೂದಿಲ್ಲ, ಭಾಂಡಿ ಅಂತೂ ಇಲ್ಲೇ ಇಲ್ಲ. ಹೊಲದ ಕೆಲಸಕ್ಕ ಒಂದೊಂದು ಹೊಡತಕ್ಕೂ ದಣಿವು ಎಣಿಸ್ತದ, ಅಡಿಗಿಮನಿ ಕೆಲಸಕ್ಕ ದಣಿವ ಇಲ್ಲ. ಹೊರಗಿನ ದುಡಿತ ದುಡಿತ, ಒಳಗಿಂದು ಆಟ ಅಂತ ಲೆಕ್ಕ ಆತಲ್ಲ.

ನನ್ನ ಪ್ರಶ್ನಿ ಆಟದ ಹೊರಗೂ ಹೋತು. ನಾಕು ವರ್ಷ ಕೂತು ಆಟ ಮಾಡಿದಾಂವನ ಮನಿ ಹೆಂಗ ನಡೀತು? ಅಂವ ಸಿಯಾಟಲ್ ಊರಿನ ನಾಟಕದ ಮನಿಯೊಳಗ ಮಂದಿಗೆ ಖುರ್ಚಿ ತೋರಸೂ ಸಣ್ಣ ನೌಕರಿ ಮಾಡ್ತಿದ್ದ. ಜೋಡಿ ಇದ್ದ ಗೆಳತಿ ದುಡದು ಮನಿಖರ್ಚು ನಡಸಿದ್ಲು. ಇದು ಗುಟ್ಟೇನಲ್ಲ, ಆತನ ಬಗ್ಗೆ ಬರದವರೆಲ್ಲಾ ಬರದಾರ. ಆದ್ರೂ ಊರೆಲ್ಲಾ ಒಬ್ಬನ ಮಾಡಿದ, ಒಬ್ಬನ ಮಾಡಿದ ಅಂತದ. ಆಟ ಅಂವ ಒಬ್ಬನ ಮಾಡಿದ ಖರೇ. ಆ ನಾಕು ವರ್ಷ ಇಬ್ಬರೂ ಮಾಡಿದ್ದು. ನಮ್ಮ ಕಡೆ ಒಬ್ಬರು ದೊಡ್ಡ ಪುಸ್ತಕ ಬರದ್ರು, ಒಬ್ಬರು ಐಎಎಸ್ ಪಾಸಾದ್ರು ಅಂದಾಗೂ ನಾನು ಇದನ್ನ ಕೇಳ್ತೀನಿ.

ಈಗ ನನ್ನ ಅಗದೀ ಮೆಚ್ಚಿನ ಆಟ, 'ಅನ್‌ಪ್ಯಾಕಿಂಗ್'. ಆಸ್ಟ್ರೇಲಿಯಾದ ಬ್ರಿಸ್ಬೇನಿನ ಸಣ್ಣ ತಂಡ ಒಂದು 2021ರೊಳಗ ಮಾಡಿದ್ದು. ಆಟ ಏನಂದ್ರ, ಮನಿ ಬದಲಿ ಮಾಡಿದಾಗ ಪೆಟಿಗಿ ಬಿಚ್ಚಿ ಸಾಮಾನು ಹೊಂದಸೂದು. ಅಷ್ಟ. ಹೊಡದಾಟ ಇಲ್ಲ, ಗಡಿಯಾರ ಇಲ್ಲ, ಅವಸರ ಇಲ್ಲ. 1997ರಿಂದ 2018ರತನಕಾ ಒಬ್ಬಾಕಿ ಎಂಟು ಸಲ ಮನಿ ಬದಲಿ ಮಾಡ್ತಾಳ. ಆಕಿ ಮುಖ ಒಮ್ಮೆನೂ ತೋರಸಾಂಗಿಲ್ಲ, ಸಾಮಾನಿನ ಮ್ಯಾಲ ಆಕಿ ಬಾಳೇ ತಿಳೀತದ.

2010ರೊಳಗ ಆಕಿ ಗೆಳೆಯಾನ ಮನಿಗೆ ಹೋಗ್ತಾಳ. ಎಲ್ಲಿ ನೋಡಿದ್ರೂ ಅಂವನ ಸಾಮಾನು. ಅಂವನ ಅರಬಿ ಸರಸಿ ಆಕಿ ಅರಬಿ ಇಡಬೇಕು, ಅಂವನ ಸಾಮಾನು ಒತ್ತಿ ಆಕಿ ಕಪ್ಪು ಇಡಬೇಕು. ಆಕಿ ಪದವಿ ಪ್ರಮಾಣಪತ್ರ ಚೌಕಟ್ಟು ಹಾಕಿಸಿದ್ದು ಒಂದು ಅದ. ಯಾವ ಗ್ವಾಡಿ ಮ್ಯಾಲೂ ಅದಕ್ಕ ಜಾಗಾ ಇಲ್ಲ. ಎಲ್ಲಿ ಇಟ್ರೂ ತಪ್ಪು ಅಂತ ತೋರಸ್ತದ. ಕಡೀಗೆ ಮಂಚದ ಕೆಳಗ ತುರಕಬೇಕು, ಆವಾಗ ಆಟ ಸರಿ ಅಂತದ. ನಾನು ಅಲ್ಲೆ ಕೈ ಬಿಟ್ಟು ಸುಮ್ಮನ ಕೂತೆ. ಮುಂದಿನ ಸಲ, 2012ರೊಳಗ, ಆಕಿ ತವರಮನಿ ಖೋಲಿಗೆ ವಾಪಸ್ ಬಂದಿರ್ತಾಳ. ಯಾಕ ಬಂದ್ಲು ಅಂತ ಆಟದಾಗ ಒಂದು ಮಾತೂ ಇಲ್ಲ. ಮಂಚದ ಕೆಳಗಿನ ಆ ಚೌಕಟ್ಟು ನೋಡಿದವರಿಗೆ ಹೇಳೂದು ಬೇಕಾಗಿಲ್ಲ.

ಇದು ನಮ್ಮ ಕಥಿನೂ ಹೌದಲ್ಲ? ಮದಿವಿ ಆಗಿ ಬಂದಾಗ ನಾವೆಲ್ಲಾ ಒಂದೊಂದು ಟ್ರಂಕ ತಂದೀವಿ. ಪಾತ್ರಿ ಅಡಿಗಿಮನಿಗೆ ಹೋದ್ವು, ಸೀರಿ ಕಪಾಟಿಗೆ ಹೋದ್ವು. ಮಾರ್ಕ್ಸ್ ಕಾರ್ಡ್, ಹಾಡಿನ ಸ್ಪರ್ಧಾದಾಗ ಬಂದ ಬಹುಮಾನ, ಹಾರ್ಮೋನಿಯಂ ಪರೀಕ್ಷಾ ಸರ್ಟಿಫಿಕೇಟ್ ಎಲ್ಲೆ ಹೋದ್ವು? ನನ್ನ ಪಿಯುಸಿ ಮಾರ್ಕ್ಸ್ ಕಾರ್ಡ್ ಮೂವತ್ತು ವರ್ಷದಿಂದ ಟ್ರಂಕಿನ ತಳದಾಗ ನಾಫ್ತಾಲೀನ ಗುಳಿಗಿ ಜೋಡಿ ಅದ. ಮುಂದಿನ ವರ್ಷ ನಮ್ಮ ಮನಿಗೆ ಸೊಸಿ ಬರೂದದ. ಹಾಲಿನ್ಯಾಗ ದೇವರ ಫೋಟೋ ಬಾಜೂಕ ಒಂದು ಗ್ವಾಡಿ ಖಾಲಿ ಮಾಡಸಬೇಕು ಅಂತ ಹೇಳೀನಿ. ಆಕಿ ತನಗ ಬೇಕಾದ್ದು ಹಾಕಲಿ. "ಶೋಭಾ ಕಾಣಾಂಗಿಲ್ಲ" ಅಂತ ಮನ್ಯಾಗ ಒಂದು ತಕರಾರು ನಡದದ. ನಡೀಲಿ, ನಾನು ಬಿಡಾಂಗಿಲ್ಲ.

ಕಡೀದು 'ವೆಂಬಾ'. ಕೆನಡಾದ ಟೊರೊಂಟೊ ಊರಾಗಿನ ವಿಸೈ ಗೇಮ್ಸ್ ಅನ್ನೂ ಸಣ್ಣ ತಂಡ 2023ರೊಳಗ ಮಾಡಿದ್ದು. ಮರುವರ್ಷ ಅದಕ್ಕ ಬಾಫ್ಟಾ ಪ್ರಶಸ್ತಿನೂ ಬಂತು. 1980ರ ದಶಕದಾಗ ತಮಿಳುನಾಡಿನಿಂದ ಕೆನಡಾಕ್ಕ ಹೋದ ಗಂಡ ಹೇಣ್ತಿ ಕಥಿ. ವೆಂಬಾ ಆಕಿ ಹೆಸರು. ತಾಯಿ ಕೊಟ್ಟ ಅಡಿಗಿ ವಹಿ ಆಕಿ ಹತ್ತರ ಅದ, ಆದ್ರ ಹಾಳಿ ಹರದಾವ, ಅಕ್ಷರ ಅಳಿಸ್ಯಾವ. ಅಳಿಸಿದ್ದು ಏನಿತ್ತು ಅಂತ ತಲಿ ಓಡಿಸಿ ಅಡಿಗಿ ಮಾಡೂದ ಆಟ. ಮೊದಲನೇ ಪದಾರ್ಥ ಇಡ್ಲಿ. ತಟ್ಟಿ ಒಂದರ ಮ್ಯಾಲ ಒಂದು ಹೆಂಗ ಇಟ್ರ ಉಗಿ ಸರಿ ಆಡ್ತದ ಅನ್ನೂದು ಅಲ್ಲಿ ಒಂದು ಒಗಟು. ನಾನು ಒಂದ ಸಲಕ್ಕ ಬಿಡಿಸಿದೆ, ಎಂಜಿನಿಯರಿಂಗ್ ಕಲ್ತ ಮಗ ಎರಡು ಸಲ ತಪ್ಪಿದ! ಅಡಿಗಿ ಅನ್ನೂದು ತಲೀ ಕೆಲಸ ಅಂತ ಒಪ್ಪಿಕೊಂಡ ಆಟ ಇದು. ಸ್ಟಾರ್‌ಡ್ಯೂದಾಗ ಒತ್ತಿದ್ರ ಆಗೂ ಕೆಲಸ ಇಲ್ಲೆ ವಿದ್ಯಾ ಆಗೇದ.

ಮಗ ಕವಿನ್ ಬೆಳದಂಗ ತಮಿಳು ಮಾತಾಡಲಿಕ್ಕೆ ನಾಚಿಕೋತಾನ, ಮನೀ ಊಟ ಒಲ್ಲೆ ಪಿಜ್ಜಾ ಬೇಕು ಅಂತಾನ. ದೊಡ್ಡಾಂವ ಆದ ಮ್ಯಾಲ ಅದ ಹರಕು ವಹಿ ಮುಂದಿಟ್ಟುಕೊಂಡು, ತಾಯಿಭಾಷಾ ತಡವರಿಸಿ ಓದಿ, ತಾನ ಒಲಿ ಮುಂದ ನಿಂದರ್ತಾನ. ಪುಣೆ, ಬೆಂಗಳೂರು, ಅಮೇರಿಕಾ ಅಂತ ಮಕ್ಕಳನ್ನ ಕಳಿಸಿ ಕೂತ ನಮ್ಮಂಥವರು ಈ ಭಾಗ ಕಣ್ಣೊರಸಿಕೊಳ್ಳದ ಆಡಲಿಕ್ಕೆ ಆಗಾಂಗಿಲ್ಲ. ನಾ ಮೆಚ್ಚಿದ್ದು ಮಾತ್ರ ಬ್ಯಾರೇ. ಅಡಿಗಿ ವಿದ್ಯಾ ಮಗಳಿಗೆ ಹೋಗಲಿಲ್ಲ, ಸೊಸಿಗೆ ಹೋಗಲಿಲ್ಲ, ಮಗಗ ಹೋತು. ಸುಲ್ತಾನಾಳ ಕನಸಿನ್ಯಾಗ ಸರದು ನಿಂತ ಗಂಡಸೂರು ಇಲ್ಲೆ ಎದುರಿಗೆ ಕಾಣಸ್ತಾರ.

ಇಷ್ಟು ಹೇಳಿದ್ರ ಭಜನಿ ಮಂಡಳದಾಗ ಮೂರು ಮಾತು ಬಂದ್ವು. ಮೊದಲನೇದ್ದು, "ದಿನಾ ಮಾಡಿ ಸಾಕಾಗೇದ, ಆಟದಾಗೂ ಅಡಿಗಿ, ಸಾಮಾನು ಹೊಂದಸೂದಾ?" ವೈನಿ, ನಿಮ್ಮ ಮಾತು ಬರೋಬ್ಬರಿ ಅದ. ಆದ್ರ ನಮ್ಮ ಕೆಲಸಕ್ಕ ಮುಗದದ್ದು ಅಂತ ಇಲ್ಲ, ಯಾರೂ ಎಣಸಾಂಗಿಲ್ಲ. ಆಟದಾಗ ಅದು ಮುಗೀತದ, ಮುಗೀತು ಅಂತ ಒಬ್ಬರು ಹೇಳ್ತಾರ. ಆ ಸುಖ ಒಮ್ಮೆ ನೋಡ್ರಿ.

ಎರಡನೇದ್ದು, "ಈ ವಯಸ್ಸಿನ್ಯಾಗ ಆಟಾ?" ಗಂಡಸೂರು ಎಪ್ಪತ್ತಕ್ಕೂ ಕಟ್ಟಿ ಮ್ಯಾಲ ಕೂತು ಇಸ್ಪೀಟ ಆಡತಾರ, ಅವರನ್ನ ಯಾರೂ ಕೇಳಿಲ್ಲ.

ಮೂರನೇದ್ದು, "ಮಕ್ಕಳು ಹಾಳಾಗ್ತಾವ." ದಿನಾ ಬಾ ಅಂತ ಕರ್ಯೂ, ರೊಕ್ಕಾ ಹಾಕು ಅಂತ ಕಾಡೂ, ಎಂದೂ ಮುಗೀದ ಆಟ ಅವ, ಅವಕ್ಕ ನನ್ನದೂ ವಿರೋಧ ಅದ. ವೆಂಬಾ ಎರಡ ತಾಸಿನೊಳಗ ಮುಗೀತದ, ಅನ್‌ಪ್ಯಾಕಿಂಗ್ ಮೂರು ನಾಕು ತಾಸು. ಸಂಜೀ ಧಾರಾವಾಹಿ ವರ್ಷಗಟ್ಟಲೆ ನೋಡೂದಕಿಂತ ಹೊತ್ತು ಎಷ್ಟೋ ಉಳೀತದ.

ಒಟ್ಟು ನಾ ಹೇಳೂದು ಇಷ್ಟ. ಈ ಕಾದಂಬರಿ, ಈ ಆಟ ಹುಡುಗರದು, ನಮಗಲ್ಲ ಅಂತ ಬಿಟ್ಟುಕೊಡಬ್ಯಾಡ್ರಿ. ಮುಂದಿನ ಲೋಕ ಹೆಂಗಿರಬೇಕು ಅಂತ ಇವುಗಳೊಳಗ ಯೋಚನಿ ನಡದದ. ನಾವು ಅಲ್ಲೆ ಇಲ್ಲ ಅಂದ್ರ ನಮ್ಮ ಕೆಲಸನೂ ಆ ಲೋಕದಾಗ ಹೆಸರಿಲ್ಲದ ಅಡಿಗಿಯಾಂವನಂಗ, ಲೆಕ್ಕದ ಹಾಳ್ಯಾಗಿನ ಒಂದು ಸಾಲಿನಂಗ ಉಳೀತದ. ಮಕ್ಕಳು, ಮೊಮ್ಮಕ್ಕಳು ಆಡೂ ಮುಂದ ಬಾಜೂಕ ಕೂತು ಕೇಳ್ರಿ, "ಇಲ್ಲೆ ಅಡಿಗಿ ಯಾರು ಮಾಡ್ತಾರಪಾ?" ಅಂತ. ಉತ್ತರ ಹುಡುಕೂ ಮುಂದ ಅವು ಏಕದಮ್ ಸುಮ್ಮನಾಗ್ತಾವ, ನೋಡ್ರಿ ಬೇಕಾದ್ರ.

ಸುಲ್ತಾನಾಳ ಕಥಿ ಭಾಳ ಸಣ್ಣದು, ಒಂದ ಮಧ್ಯಾಹ್ನದಾಗ ಮುಗೀತದ. ಇಂಗ್ಲೀಷ ತೊಡಕು ಅನ್ನೂವರಿಗೆ ನಾ ಓದಿ ಕನ್ನಡದಾಗ ಹೇಳ್ತೀನಿ. ಬರೂ ಶುಕ್ರವಾರ ಲಲಿತಾ ಸಹಸ್ರನಾಮ ಮುಗದ ಮ್ಯಾಲ ನಮ್ಮ ಮನಿಗೆ ಬರ್ರಿ, ಲ್ಯಾಪ್‌ಟಾಪೂ ಅದ. ಚಹಾ, ಚುರಮರಿ ಚುಡವಾ ಮಗ ಮಾಡ್ತಾನ. ಕಪ್ಪು ಬಸಿನೂ ಅಂವನ ತೊಳೀತಾನ, ನಾ ಮಾತ ತಗೊಂಡೀನಿ.